ಜುಮ್ ಅನ್ನುವ ಯಂತ್ರ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ದವಾಖಾನೆಗಳಲ್ಲಿ ರೋಗಿಗಳಿಗೆ ಹಚ್ಚುವ ಕರೆಂಟಿನ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರಗಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಸಿಟ್ಟೆಲ್ಲ ಮನೆಯಲ್ಲಿ ಮಿಕ್ಸರಿಗೆ ಬಳಸುವ ಎಕ್ಸ್‌ಟೆನ್ಶನ್ ಬೋರ್ಡನ್ನು ವಾರ್ಡಿಗೆ ತಂದಿಡುವವರ ಮೇಲೆ.

ಒಮ್ಮೆ ಒಂದು ಹೆರಿಗೆ ವಾರ್ಡಿಗೆ ಹೋದಾಗ ಜಗಳ ನಡೆದಿತ್ತು. ಯಾವ ಊರಿನದೆಂದು ಹೇಳಿ ಬೈಸಿಕೊಳ್ಳಲಾರೆ. ಬೆಳವಣಕಿ ಕಡೆಯ ಬಾಣಂತಿಯೊಬ್ಬಳು ತೂಕ ಕಡಿಮೆಯಿದ್ದ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಹಾಲು ಕುಡಿಸಲು ಎತ್ತಿಕೊಂಡವಳು, ಕೂಸಿಗೆ ಕಾವು ಕೊಡುವ ಯಂತ್ರದಲ್ಲಿ ಅದನ್ನು ಮತ್ತೆ ಮಲಗಿಸಲು ಒಪ್ಪುತ್ತಿರಲಿಲ್ಲ.

"ಅದನ್ನ ಮುಟ್ಟಿದ್ರ ಕೈ ಜುಮ್ ಅಂತೈತ್ರಿ."

ನಮ್ಮ ಕಡೆ ಜುಮ್ ಎಂಬ ಮಾತಿಗೆ ಮೈತುಂಬ ಕೆಲಸ. ಕೂತು ಕೂತು ಕಾಲು ಹಿಡಿದರೂ ಜುಮ್, ರಕ್ತ ಕಡಿಮೆಯಾದರೂ ಜುಮ್. "ಕರೆಂಟ್ ಹೊಡೀತು" ಎಂದಿದ್ದರೆ ಎಲ್ಲರೂ ಓಡಿ ಬರುತ್ತಿದ್ದರು. ಜುಮ್ ಎಂದದ್ದಕ್ಕೆ ಅವಳ ತಾಯಿ ಶಕ್ತಿ ಬರಲೆಂದು ಇನ್ನೊಂದು ಅಂಟಿನ ಉಂಡಿ ತಿನ್ನಿಸಿದ್ದಳು, ಅಷ್ಟೇ.

"ಬಾಣಂತಿ ನಿಶ್ಶಕ್ತಿ ಅದು. ನಾ ದಿನಾ ಮುಟ್ತೀನಿ, ನನಗೇನೂ ಆಗಿಲ್ಲ," ಎಂದರು ಸಿಸ್ಟರ್. ಅವರ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಬಾಣಂತಿ ತನ್ನ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದಳು. ಆಗಷ್ಟೇ ಒರೆಸಿದ ನೆಲ ಹಸಿಯಾಗಿತ್ತು.

"ಕೂಸಿನ ಕಾಲು ತಣ್ಣಗಾಗಾಕ ಹತ್ಯಾವು, ಲಗೂನ ಮಲಗಿಸವ್ವಾ!" ಸಿಸ್ಟರ್ ದನಿ ಏರಿಸಿದರು. ಅದು ಸಿಟ್ಟಲ್ಲ, ಹೆದರಿಕೆ. ಕಾವಿಲ್ಲದಿದ್ದರೆ ಅಷ್ಟು ಸಣ್ಣ ಜೀವ ತಡೆಯದು.

ಯಂತ್ರ ಬಂದ್ ಮಾಡಿ ಅದರ ವೈರು ಹಿಡಿದು ಹೋದೆ. ಮಂಚದ ಹಿಂದೆ ಸಿಕ್ಕಿತು ನನ್ನ ಹಳೆಯ ವೈರಿ, ಎಕ್ಸ್‌ಟೆನ್ಶನ್ ಬೋರ್ಡು. ಒಳಗೆ ಎರಡೇ ತಂತಿ, ಅರ್ಥಿಂಗ್ ತಂತಿ ಇಲ್ಲವೇ ಇಲ್ಲ. ಆ ತಂತಿ ಹಿಡಿದು ನೆಲಕ್ಕಿಳಿಯಬೇಕಾದ ಸೋರಿಕೆಯ ಕರೆಂಟು, ಬರಿಗಾಲಲ್ಲಿ ಮುಟ್ಟಿದವರ ಮೈಯೊಳಗಿಂದ ಇಳಿಯುತ್ತಿತ್ತು.

"ನಿಶ್ಶಕ್ತಿ ನಿನಗಲ್ಲವ್ವಾ, ಈ ಬೋರ್ಡಿಗೆ," ಎಂದೆ. ಯಂತ್ರವನ್ನು ನೇರ ಗೋಡೆಯ ಸಾಕೆಟ್ಟಿಗೆ ಹಚ್ಚಿ ಚಾಲೂ ಮಾಡಿ, ಅರ್ಥಿಂಗ್ ಸರಿಯಿದೆಯೇ, ಕರೆಂಟು ಯಂತ್ರದ ಮೈಗೆ ಬರುತ್ತದೆಯೇ ಎಂದು ಮೀಟರ್ ಹಿಡಿದು ನೋಡಿದೆ. ಎಲ್ಲ ಸರಿಯಿತ್ತು.

ಬಾಣಂತಿ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಅದು ಸಿಸ್ಟರಿಗೆ ತಿಳಿಯಿತು. ಚಪ್ಪಲಿ ಬಿಟ್ಟು, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಎರಡೂ ಅಂಗೈಗಳನ್ನು ಯಂತ್ರದ ಅಂಚಿಗೆ ಒತ್ತಿದರು. ಬಾಣಂತಿ ಅವರ ಮುಖವನ್ನೇ ನೋಡಿದಳು. ಆಮೇಲೆ ತಾನೂ ಮೊದಲು ಒಂದು ಬೆರಳು, ಆಮೇಲೆ ಪೂರ್ತಿ ಕೈ ಇಟ್ಟಳು.

"ಈಗ ಜುಮ್ ಅನ್ನವಲ್ದ್ರಿ," ಎಂದು ಕೂಸನ್ನು ತಾನೇ ಮಲಗಿಸಿದಳು.

ಆ ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು, ಉಳಿದ ವಾರ್ಡುಗಳನ್ನು ನೋಡಿ ಬರುವಷ್ಟರಲ್ಲಿ ಕೂಸು ಕೆಂಪಗಾಗಿ ನಿದ್ದೆ ಹೋಗಿತ್ತು. ಬಾಣಂತಿ ನನ್ನ ಕೈ ಹಿಡಿದೆಳೆದು ಅದರ ಪುಟ್ಟ ಅಂಗಾಲಿನ ಮೇಲಿಟ್ಟಳು.

"ಬೆಚ್ಚಗ ಆಗೈತಿ ಅಕ್ಕಾರ," ಎಂದಳು. "ಹೆದರಬ್ಯಾಡ್ರಿ, ಮುಟ್ರಿ."