ಬಿಳಿ ಕತ್ತಿನ ಕೊಕ್ಕರೆ ನೋಡಲು ಹೋದದ್ದು

ಬೆಳಗಾವಿಯ ಬಸ್ ನಿಲ್ದಾಣ ಬಿಟ್ಟಾಗ ತುಂತುರು ಮಳೆ ಇತ್ತು. ಇರಲಿಲ್ಲವೇನೋ, ಒದ್ದೆ ಕಿಟಕಿ ಮಾತ್ರ ನೆನಪಿದೆ. ಪಕ್ಕದಲ್ಲಿ ಗೆಳೆಯ ಮಾರುತಿ, ಆಟೋ ನಗರದ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಖಾನಾಪುರದ ಆಚೆ, ರಸ್ತೆಗೆ ಅಂಟಿದಂತಿರುವ ಅವನ ತಾಯಿಯ ಭತ್ತದ ಗದ್ದೆಗೆ ಬಿಳಿ ಕತ್ತಿನ ಕೊಕ್ಕರೆಗಳ ಜೋಡಿಯೊಂದು ಬರುತ್ತದೆಂದು ಅವನೇ ಹೇಳಿದ್ದ. ಖಾನಾಪುರದವರೆಗಿನ ಇಪ್ಪತ್ತೈದು ಕಿಲೋಮೀಟರ್ ಉದ್ದಕ್ಕೂ ನನಗೆ ಒಂದೇ ಚಿಂತೆ: ನಾವು ಮುಟ್ಟುವಷ್ಟರಲ್ಲಿ ಹಾರಿಹೋದರೆ?

ಹಾರಿಹೋಗಿರಲಿಲ್ಲ. ಒಂದು ಕೆಸರಿನಲ್ಲಿ ನಿಂತಿತ್ತು, ಇನ್ನೊಂದು ಬದುವಿನ ಬಳಿ. ಹೆಚ್ಚುಕಡಿಮೆ ನನ್ನ ಸೊಂಟದೆತ್ತರ. ಮೈ ಕಪ್ಪು, ಬೆಳಕು ಬಿದ್ದಲ್ಲಿ ನೇರಳೆ, ಹಸಿರು. ಕತ್ತು ಮಾತ್ರ ಈಗಷ್ಟೇ ಹಿಂಜಿದ ಹತ್ತಿ. ಕೆಂಪು ಕಾಲು. ಒಂದು ಹೆಜ್ಜೆ ಇಟ್ಟು, ನಿಂತು, ಬಾಗಿ, ಕಪ್ಪೆ, ಏಡಿಗಳನ್ನು ಹುಡುಕುತ್ತಿದ್ದವು. ಸದ್ದಿಲ್ಲ, ಅವಸರವಿಲ್ಲ.

ಮಾರುತಿಯ ತಾಯಿ ಸ್ಟೀಲ್ ತಾಟಿನಲ್ಲಿ ಚಹಾದ ಕಪ್ಪುಗಳನ್ನಿಟ್ಟು ತಂದರು. "ಬರ್ರಿ, ಕುಂದರ್ರಿ. ಇದನ್ನ ನೋಡಾಕ ಬೆಳಗಾವಿಂದ ಬಂದೀರೇನ? ನಿಮ್ಮೂರಾಗ ಕಾಗಿ ಇಲ್ಲೇನ್ರಿ?"

ನಕ್ಕೆವು. ಆಗಲೇ ಬದುವಿನ ಮೇಲೆ ಕಾಲು ಮಡಚಿಕೊಂಡು ಸತ್ತಿದ್ದ ಏಡಿ ಮಾರುತಿಯ ಕಣ್ಣಿಗೆ ಬಿತ್ತು. ಅದರಾಚೆ ಮತ್ತೊಂದು.

"ಆಯಿ, ಏನ್ ಹಾಕೀದಿ?"

"ಅನ್ನದಾಗ ಔಷಧ ಕಲಸಿ ತೂತಿಗೆ ಇಟ್ಟೀನಿ, ನಿನ್ನಿ ಸಂಜಿಗೆ. ಏಡಿ ಬದು ಕೊರದಾವ, ಗದ್ಯಾಗ ನೀರ ನಿಲ್ಲವಲ್ದು. ವರ್ಷಾ ಇಡೂದ ಅಲ್ಲೇನೋ?"

"ಆ ಏಡೀನ ಹಕ್ಕಿ ತಿಂತಾವಲ್ಲ!"

ಅವರ ಮುಖ ಇಳಿಯಿತು. ಮರುಕ್ಷಣ ಸೀರೆ ಎತ್ತಿ ಕಟ್ಟಿದರು. "ಹಾಂಗ್ಯಾಕ ನಿಂತೀರಿ? ಓಡಸ್ರಿ!"

ಮಾರುತಿ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಏಡಿಗಳನ್ನು ಆರಿಸತೊಡಗಿದ. ನಾನು ತಾಟು ಬಡಿಯುತ್ತ, ನೋಡಬೇಕೆಂದು ಬಂದಿದ್ದ ಹಕ್ಕಿಗಳ ಮೇಲೆ ಕೂಗುತ್ತ ಕೆಸರಿಗಿಳಿದೆ. ಹಾರಿದವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬದುವಿಗೆ ಬಂದವು. ಮತ್ತೆ ಓಡಿಸಿದೆವು.

"ನನ್ನ ಮಗ ಕರದ್ರೂ ಬರೂದಿಲ್ಲ, ಇವು ಬೈದ್ರೂ ಬರ್ತಾವ" ಎಂದರು ತಾಯಿ. ಯಾರೂ ನಗಲಿಲ್ಲ.

ನಾವು ಓಡಿಸುವ ಮೊದಲು ಬದುವಿನ ಬಳಿಯದು ಏನನ್ನೋ ನುಂಗಿತ್ತು. ಕಪ್ಪೆ ಎಂದ ಮಾರುತಿ. ಕಪ್ಪೆಯ ಕಾಲು ನೇತಾಡಿದ್ದು ನನಗೂ ನೆನಪಿದೆ. ಆದರೆ ಅದು ನೆನಪಾದದ್ದು ಅವನು ಹೇಳಿದ ಮೇಲೆ.

ಸಂಜೆ ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಬದುವಿನ ಮೇಲೆ ಮಾರುತಿಯ ತಾಯಿ ಇನ್ನೂ ತಾಟು ಬಡಿಯುತ್ತಿದ್ದರು. ದೂರದ ಗದ್ದೆಯಲ್ಲಿ ಒಂದು ಕೊಕ್ಕರೆ ನಿಂತಿತ್ತು. ಬಸ್ಸು ತಿರುವು ದಾಟುವವರೆಗೂ ಇನ್ನೊಂದನ್ನು ಹುಡುಕಿದೆ.