ಒಳಗಿಟ್ಟ ಬೆಂಚು

ಬೆಳಿಗ್ಗೆ ಆರೂವರೆಗೆ ಮನೆಯ ಗೇಟಿನ ಹೊರಗಿನ ಬೆಂಚು ಒರೆಸುವುದು ನನ್ನ ಪದ್ಧತಿ. ಇವತ್ತು ಒರೆಸಿದಾಗ ಅಂಗೈಗೆ ಬಿಳಿಯ ಹುಡಿ ಹತ್ತಿತು. ಧೂಳಲ್ಲ. ಧೂಳಿಗೂ ಇದಕ್ಕೂ ವ್ಯತ್ಯಾಸ ತಿಳಿಯದಿದ್ದರೆ, ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ನಾನು ಅಷ್ಟು ವರ್ಷ ಸೂಪರ್‌ವೈಸರ್ ಆಗಿದ್ದಕ್ಕೆ ಅರ್ಥವಿಲ್ಲ.

ನಿಮಗೆ ಈ ಕೆಲಸ ಗೊತ್ತಿಲ್ಲದಿರಬಹುದು. ಕಬ್ಬಿಣವನ್ನು ತೊಳೆದು, ಬಣ್ಣದ ಪುಡಿಯನ್ನು ಗನ್ನಿನಿಂದ ಊದಿ, ಓವನ್ನಿನಲ್ಲಿ ಬೇಯಿಸಿದರೆ ಪುಡಿ ಕರಗಿ ಚರ್ಮದಂತೆ ಅಂಟಿಕೊಳ್ಳುತ್ತದೆ. ಇಂಥ ಪುಡಿಗಳಲ್ಲಿ ಎಪಾಕ್ಸಿ ಬಲು ಗಟ್ಟಿ. ಎಣ್ಣೆ, ಆಸಿಡ್, ತುಕ್ಕು, ಯಾವುದಕ್ಕೂ ಜಗ್ಗುವುದಿಲ್ಲ. ಬಿಸಿಲೊಂದು ಆಗದು. ಕೆಲವೇ ತಿಂಗಳಲ್ಲಿ ಹೊಳಪು ಹೋಗಿ ಸುಣ್ಣದಂಥ ಹುಡಿ ಏಳುತ್ತದೆ. 'ಎಪಾಕ್ಸಿ ಒಳಗಿಡುವ ಸಾಮಾನಿಗೆ ಮಾತ್ರ' ಎಂದು ಶೆಡ್ಡಿನ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದೆ.

ಆಗೆಲ್ಲ ಒಂದು ಗಂಟೆಗೆ ಶೆಡ್ಡಿನ ಕ್ಯಾಬಿನ್ನಿನಲ್ಲಿ ನನ್ನ ಊಟ, ಒಬ್ಬನೇ. ಒಂದೂ ಇಪ್ಪತ್ತಕ್ಕೆ ಡಬ್ಬಿ ತೊಳೆದಾಗಿರಬೇಕು. ಉಳಿದವರು ಹೊರಗೆ ಹೊಂಗೆಮರದ ಬುಡದಲ್ಲಿ ರೊಟ್ಟಿ ಹಂಚಿಕೊಂಡು ನಗುವುದು ಗಾಜಿನಾಚೆ ಕಾಣುತ್ತಿತ್ತು. ಯಾಕೆ ನಗುತ್ತಾರೆಂದು ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ.

ಓವನ್ ನೋಡಿಕೊಳ್ಳುತ್ತಿದ್ದವನು ಬಾಗಲಕೋಟೆ ಕಡೆಯ ಮಲ್ಲಪ್ಪ. ಒಂದು ದಿನ ಮಿಕ್ಕ ಪೈಪುಗಳಲ್ಲಿ ಬೆಂಚೊಂದನ್ನು ವೆಲ್ಡ್ ಮಾಡಿಸಿ, ಬೂದುಬಣ್ಣ ಹಾಕಿ, ಮರದ ಕೆಳಗಿಟ್ಟು ನನ್ನನ್ನು ಕರೆದ.

"ನೀವು ನೆಲದಾಗ ಕುಂದ್ರಂಗಿಲ್ಲ, ಗೊತ್ತೈತ್ರೀ ಸಾಹೇಬ್ರ. ಅದಕ್ಕ ಮಾಡೇನಿ. ನಾಳಿಂದ ಡಬ್ಬಿ ಇಲ್ಲೇ ತರ್ರಿ."

ನಾನು ಉಗುರಿನಿಂದ ಬಣ್ಣ ಗೀರಿ ನೋಡಿದೆ. "ಯಾವ ಪುಡಿ ಮಲ್ಲಪ್ಪ?"

"ಉಳಿದಿದ್ದು ರೀ. ಎಪಾಕ್ಸಿ."

"ಗೋಡೆ ಮೇಲೆ ಬರೆಸಿರೋದು ಯಾರಿಗೆ? ಇದು ಹೊರಗಿರಬಾರದು. ಒಳಗೆ ಇಡಿಸು."

"ಹುಡಿ ಎದ್ರ ಏಳ್ಲಿ ಬಿಡ್ರಿ. ಪ್ಯಾಂಟ್ ಜಾಡಿಸ್ಕೊಂಡ್ರಾತು."

ಹಿಂದಿನಿಂದ ಯಾರೋ ನಕ್ಕರು. ನನಗೆ ಸಿಟ್ಟು ಬಂತು. ಬೆಂಚು ಸ್ಟೋರ್ ರೂಮಿಗೆ ಹೋಯಿತು. ಹುಡಿ ಎದ್ದರೂ ಅಡಿಯ ಪದರ ಬಹುಕಾಲ ಕಬ್ಬಿಣವನ್ನು ಕಾಯುತ್ತದೆ. ಅದೂ ನನಗೆ ಗೊತ್ತಿತ್ತು, ಆದರೆ ಅದನ್ನು ಗೋಡೆಯ ಮೇಲೆ ಬರೆಸಿರಲಿಲ್ಲ.

ಮಲ್ಲಪ್ಪ ದಿನವೂ ನಮಸ್ಕಾರ ಹೇಳುತ್ತಿದ್ದ. ಊಟಕ್ಕೆ ಮಾತ್ರ ಮತ್ತೆ ಕರೆಯಲಿಲ್ಲ. ಶೆಡ್ ಮುಚ್ಚಿದಾಗ ಊರಿಗೆ ಹೋದ. ಯಾವ ಊರೆಂದು ನಾನು ಕೇಳಿರಲೇ ಇಲ್ಲ.

ಬೆಂಚನ್ನು ಮಾಲೀಕರಲ್ಲಿ ಕೇಳಿ ತಂದೆ. ಚಿಕ್ಕಬಾಣಾವರದ ನನ್ನ ಕೋಣೆಯಲ್ಲಿ ಅದು ಹಳೆಯ ಪತ್ರಿಕೆಗಳನ್ನು ಹೊತ್ತು ವರ್ಷಗಟ್ಟಲೆ ಹೊಸದರಂತೆ ಹೊಳೆಯಿತು. ಅದರ ಮೇಲೆ ಯಾರೂ ಕೂರಲಿಲ್ಲ. ಈ ಬೇಸಿಗೆಗೆ ಮುಂಚೆ ಒಂದು ದಿನ, ಹೂ ಮಾರುವ ರತ್ನಮ್ಮ ಬುಟ್ಟಿ ಹೊತ್ತು ಗೇಟಿಗೆ ಒರಗಿ ನಿಂತದ್ದನ್ನು ಕಂಡು ಬೆಂಚನ್ನು ಹೊರಗಿಟ್ಟೆ.

ಇವತ್ತು ಆಕೆ ಬಂದಾಗ ನಾನಿನ್ನೂ ಹುಡಿ ಒರೆಸುತ್ತಿದ್ದೆ.

"ದಿನಾ ಒರೆಸ್ತಾನೇ ಇರ್ತೀರಲ್ಲ ಸಾರ್. ಒಂದಿನಾನಾದ್ರೂ ಕೂತ್ಕೊಂಡಿದ್ದೀರಾ?"

ಆರೂ ನಲವತ್ತು. ಕಾಫಿಯ ಹೊತ್ತು ಮೀರಿತ್ತು. ಬಟ್ಟೆ ಮಡಚಿಟ್ಟು ಕೂತೆ. ಮಲ್ಲಪ್ಪ ಅದನ್ನು ಮೂವರಿಗೆ ಆಗುವಷ್ಟು ಉದ್ದ ಮಾಡಿದ್ದ. ಆಕೆ, ಬುಟ್ಟಿ, ನಾನು ಕೂತರೂ ಇನ್ನಷ್ಟು ಜಾಗ ಉಳಿದಿತ್ತು.

ಎದ್ದಾಗ ಹಿಂದಿನಿಂದ ರತ್ನಮ್ಮ ನಕ್ಕಳು. ಈ ಸಲ ಯಾಕೆಂದು ಕೇಳಿದೆ.

"ಪ್ಯಾಂಟ್ ನೋಡ್ಕೊಳಿ ಸಾರ್."

ಜಾಡಿಸಿಕೊಂಡೆ. ಹೋಯಿತು.