ವಿದ್ಯಾವತಿ ಕೇಳಿದ ತವರಿನ ಸುದ್ದಿ

ಬೆಳಗಿನ ಐದೂವರೆ. ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯೊಂದರ ಮಹಿಳಾ ವಾರ್ಡಿನಲ್ಲಿ ವಿದ್ಯಾವತಿ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ರೋಗಿಯ ತೋಳು ಮುಟ್ಟುತ್ತಾರೆ. "ಮುಷ್ಟಿ ಬಿಗಿ ಹಿಡಿ ಅವ್ವಾ. ಗಂಡನ್ನ ನೆನಸ್ಕೊ, ತಾನ ಬಿಗಿ ಆಗ್ತದ." ರೋಗಿ ನಗುವಷ್ಟರಲ್ಲಿ ಸೂಜಿ ಒಳಗಿರುತ್ತದೆ.

ಎಂಟರೊಳಗೆ ನಲವತ್ತು ಮಂದಿಯ ರಕ್ತ ತೆಗೆಯಬೇಕು. ಗಂಡ ಯಶವಂತನೊಂದಿಗೆ ಆಳಂದದಿಂದ ಕಟ್ಟಡ ಕೆಲಸಕ್ಕೆ ಬಂದವರು, ಇದೇ ವಾರ್ಡಿನಲ್ಲಿ ಒಂಬತ್ತು ವರ್ಷ ನೆಲ ಒರೆಸಿ, ನಡುವೆ ಓದಿ, ಸಿರಿಂಜು ಹಿಡಿದಿದ್ದಾರೆ. ಡಾಕ್ಟರರ ಮರಾಠಿಯನ್ನು ಕನ್ನಡದ ರೋಗಿಗಳಿಗೆ ತಿಳಿಸುವವರೂ ಅವರೇ.

ಮೂರು ತಿಂಗಳ ಹಿಂದೆ ಅದೇ ಜಿಲ್ಲೆಯ ವೈಜಾಪುರದಿಂದ ಕನ್ನಡದ ಮನೆಯ ಮೂವತ್ತಾರರ ಉಮಾಶ್ರೀ ಅತ್ತೆಯೊಂದಿಗೆ ಬಂದಳು. (ಹೆಸರು ಬದಲಿಸಿದೆ, ಮನೆಯವರದೂ.) ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದೂ ಎರಡನೇ ಸಲ. ಪೆಟ್ಟಾಗಿರಲಿಲ್ಲ, ಹಾಸಿಗೆ ಹಿಡಿದಿರಲಿಲ್ಲ. ಹೀಗೆ ಕಾರಣವಿಲ್ಲದೆ ಹೆಪ್ಪುಗಟ್ಟಿದರೆ ಒಮ್ಮೊಮ್ಮೆ ಒಳಗೆ ಕ್ಯಾನ್ಸರ್ ಅಡಗಿರುವುದುಂಟು. ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದರೆ, ಅತ್ತೆ ಶಾಂತಾಬಾಯಿ ತಮ್ಮ ಕಡೆಯ ಮೂರು ತಲೆಮಾರು ಒಪ್ಪಿಸಿ, "ನಮ್ಮಲ್ಲಿ ಯಾರಿಗೂ ಇಲ್ರಿ" ಎಂದುಬಿಟ್ಟರು. ಸೊಸೆ ತಲೆ ಎತ್ತಲಿಲ್ಲ.

"ಅತ್ತಿ ಮುಂದ ತವರಿನ ರೋಗ ಯಾವ ಸೊಸಿ ಹೇಳ್ತಾಳ್ರಿ? ನಾನೂ ಹೇಳಿಲ್ಲ," ಎನ್ನುತ್ತಾರೆ ವಿದ್ಯಾವತಿ. ಶಾಂತಾಬಾಯಿಯನ್ನು ಚಹಾ ತರಲು ಕಳಿಸಿ, ಅವರು ಮತ್ತೆ ಕೇಳಿದರು: "ನಿಮ್ಮವ್ವ ಹ್ಯಾಂಗ ಹೋದ್ಳು, ತಂಗಿ?"

"ಕರುಳಿನ ಗಡ್ಡಿರಿ. ನಲವತ್ತೊಂದಕ್ಕ. ಸೋದರಮಾವನೂ ಹಂಗ ಹೋದ. ಡಾಕ್ಟರಿಗಷ್ಟ ಹೇಳ್ರಿ, ನನ್ನ ತಂಗಿ ಲಗ್ನ ಇನ್ನೂ ಆಗಿಲ್ಲ."

ಡಾಕ್ಟರು ಕರುಳಿಗೆ ಕ್ಯಾಮೆರಾ ಇಳಿಸಿದರು. ಗಡ್ಡೆ ಇತ್ತು, ಇನ್ನೂ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು. ಕರುಳಿನ ಕ್ಯಾನ್ಸರಿಗೆ ದಾರಿ ಮಾಡುವ ದೋಷವೊಂದು ತಾಯಿಯ ಕಡೆಯಿಂದ ಹುಟ್ಟಿನಿಂದಲೇ ಬಂದಿದೆ ಎಂದು ವಂಶವಾಹಿ ಪರೀಕ್ಷೆಯಲ್ಲಿ ತಿಳಿಯಿತು. ಕೊನೆಗೆ ಉಮಾಶ್ರೀಯೇ ಹೇಳಿದಾಗ ಶಾಂತಾಬಾಯಿ ಸೊಸೆಯ ತಲೆಗೊಂದು ಮೊಟಕಿದರು: "ಮೊದ್ಲ ಹೇಳಬಾರದಿತ್ತೇನ, ಹುಚ್ಚಿ? ನಾ ಏನ್ ಹುಲಿ ಇದ್ದೀನೇನು?" ಆಮೇಲೆ ಅವರೇ ಅತ್ತರು.

ಈಗ ಉಳಿದಿರುವುದು ತಂಗಿ ಪ್ರಿಯಾ. ನಾಸಿಕದಲ್ಲಿದ್ದಾಳೆ, ಇಪ್ಪತ್ತೆಂಟು. ಅದೇ ದೋಷ ಆಕೆಗೂ ಇರಬಹುದು. ಮೊದಲೇ ತಿಳಿದರೆ ಕಣ್ಣಿಟ್ಟು ಕಾಯಬಹುದು. ಆದರೆ ನೋಡಲು ಬರುವ ಗಂಡಿನ ಕಡೆಯವರಿಗೆ ಗೊತ್ತಾದರೆ ಎಂಬ ಹೆದರಿಕೆ. ಪರೀಕ್ಷೆ ಎಂದರೆ ಫೋನ್ ಇಡುತ್ತಾಳೆ. ವಿದ್ಯಾವತಿ ಆರು ಸಲ ಫೋನ್ ಮಾಡಿದ್ದಾರೆ.

"ರವಿವಾರ ಸೂಟಿ ಅದ. ಬಸ್ ಹಿಡದು ನಾನ ಹೋಗ್ತೀನ್ರಿ. ಬೈಲಿ, ಬಾಗಲಾ ಹಾಕ್ಕೊಳ್ಳಿ, ಕಟ್ಟಿ ಮ್ಯಾಲ ಕುಂತಿರ್ತೀನಿ. ಒಂದ್ಸಲ ತೋಳು ಚಾಚಿದ್ರ ಸಾಕು. ನೋವು ಗೊತ್ತಾಗದಂಗ ತಗೀತೀನಿ, ಅಷ್ಟು ಬರ್ತದ ನನಗ."